ಮಾದಣ್ಣನ ಅಟ್ಟಣೆಯಿಂದ ಓಗೊಟ್ಟವರು

ಜೂನ್ ಹದಿನೆಂಟು, ಸಂಜೆ ಆರೂ ನಲವತ್ತು. ಎರಡು ವರ್ಷದ ಹಿಂದಿನ ಮಾತು. ದಿನಚರಿ ಬರೆಯುವ ಅಭ್ಯಾಸವಿರುವುದರಿಂದ ಹೊತ್ತು ಸರಿಯಾಗಿಯೇ ಗೊತ್ತಿದೆ. ಅದಕ್ಕೆ ಮುಂಚೆ ಇಂಥ ಸಂಗತಿಗಳನ್ನು ಯಾರು ಹೇಳಿದರೂ ನಾನು ನಂಬುತ್ತಿರಲಿಲ್ಲ. ಹೇಳಿದವರನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುತ್ತಿದ್ದೆ. ಈಗ ಆ ಪ್ರಶ್ನೆಗಳನ್ನೆಲ್ಲ ನನಗೇ ಕೇಳಿಕೊಂಡಿದ್ದೇನೆ.

ಆ ಬೇಸಿಗೆ ನಾನು ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಇಂಟರ್ನ್ ಆಗಿದ್ದೆ. ಅಲ್ಲಿನ ಕಾಡಿನ ಮರಗಳಿಗೆ ಕಟ್ಟಿದ್ದ ಯಂತ್ರಗಳು ಮುದ್ರಿಸಿಕೊಂಡ ಸದ್ದುಗಳನ್ನು ಹೆಡ್‌ಫೋನಿನಲ್ಲಿ ಕೇಳಿ, ಯಾವ ಪ್ರಾಣಿ, ಯಾವ ಹಕ್ಕಿ ಎಷ್ಟು ಸಲ ಕೂಗಿತೆಂದು ಗುರುತು ಹಾಕುವುದು ನನ್ನ ಕೆಲಸ. ಎಣಿಕೆಯ ಕೆಲಸವಾದ್ದರಿಂದ ನನಗೆ ಹಿಡಿಸಿತ್ತು.

ನಮ್ಮೂರು ಹೊಸೂರಿನ ಕಡೆ, ಉದ್ದನಪಲ್ಲಿಯ ಪಕ್ಕ. ಮಾವು ಬಲಿಯುವ ಕಾಲಕ್ಕೆ ಚಿಕ್ಕಪ್ಪ ರಾತ್ರಿ ತೋಪು ಕಾಯುತ್ತಾನೆ. ಬೇಲಿಯಾಚೆಯ ತೋಪಿಗೆ ಮಾದಣ್ಣನ ಕಾವಲು. ಇಬ್ಬರೂ ತಮ್ಮ ತಮ್ಮ ಮರದ ಅಟ್ಟಣೆಯ ಮೇಲೆ ಕೂತು ಆಗಾಗ ಒಬ್ಬರನ್ನೊಬ್ಬರು ಕೂಗುತ್ತಿದ್ದರು. ಓಗೊಟ್ಟರೆ ಕ್ಷೇಮ. ಇಲ್ಲವಾದರೆ ಬ್ಯಾಟರಿ ಹಿಡಿದು ಹೋಗಿ ನೋಡಬೇಕು. ಚಿಕ್ಕವಳಿದ್ದಾಗ ಮಾದಣ್ಣನ ಮಗಳು ರತ್ನಿಯ ಜೊತೆ ನಾನೂ ಅವನ ಅಟ್ಟಣೆ ಹತ್ತುತ್ತಿದ್ದೆ. ಅವನ ಬಾಯಲ್ಲಿ ಯಾವಾಗಲೂ ಎಲೆಅಡಿಕೆ. "ನೀನೇ ಓ ಅನ್ನಮ್ಮಿ, ನನ್ ಬಾಯ್ ಖಾಲಿ ಇಲ್ಲ" ಎನ್ನುತ್ತಿದ್ದ. ನಾನು ತೂಕಡಿಸಿದರೆ, "ಚೆನ್ನಾಗವ್ಳೆ ಕಾವಲ್ಗಾರ್ತಿ! ಇವ್ಳನ್ನ ಕಾಯಕ್ಕೆ ಇನ್ನೊಬ್ರನ್ನ ಕರೀಬೇಕು" ಎಂದು ರೇಗಿಸುತ್ತಿದ್ದ.

ಆ ಸಂಜೆ ನಾನು ಕೇಳುತ್ತಿದ್ದದ್ದು ಏಪ್ರಿಲ್‌ನಲ್ಲಿ ಮುದ್ರಿಸಿದ್ದು. ಗಾಳಿಯ ಸದ್ದಿನ ನಡುವೆ, ದೂರದಿಂದ, ಚಿಕ್ಕಪ್ಪನ ದನಿ: "ಓಯ್, ಮಾದಣ್ಣೋ! ಎದ್ದಿದ್ಯಾ?"

ಯೋಚಿಸುವ ಮೊದಲೇ ನಾನು "ಓ... ಇದ್ದೀವಿ!" ಎಂದು ಗಟ್ಟಿಯಾಗಿ ಕೂಗಿಬಿಟ್ಟೆ.

ಪಕ್ಕದ ಮೇಜಿನ ಮಾರ್ಗದರ್ಶಕಿ ಬೆಚ್ಚಿ ತಿರುಗಿದರು. ನಾಚಿಕೆಯಿಂದ ಆ ಭಾಗವನ್ನು ಅವರಿಗೂ ಕೇಳಿಸಿದೆ. ಅದು ಅಲ್ಲಿನ ಒಂದು ಜಾತಿಯ ಜಿಂಕೆ, ನಾಯಿಯ ಹಾಗೆ ಬೊಗಳುತ್ತದೆ ಎಂದು ನಕ್ಕರು. ನಾನು ಮತ್ತೆ ಕೇಳಿದೆ. ಜಿಂಕೆಯೇ. ಒರಟಾದ ಒಂದೇ ಕೂಗು. ಊರು ನೆನಪಾಗಿರಬೇಕು ಎಂದುಕೊಂಡು "ಜಿಂಕೆ, ಒಂದು ಸಲ" ಎಂದು ಗುರುತು ಹಾಕಿದೆ.

ಎರಡು ದಿನ ಬಿಟ್ಟು ಚಿಕ್ಕಪ್ಪ ಫೋನ್ ಮಾಡಿದ. ಮಾದಣ್ಣ ಸತ್ತುಹೋಗಿದ್ದ. ಹದಿನೆಂಟರ ರಾತ್ರಿ ಏಣಿಯ ಮೆಟ್ಟಿಲು ಮುರಿದು ಕೆಳಗೆ ಬಿದ್ದವನು ಬೆಳಗಿನವರೆಗೆ ಮರದ ಬುಡದಲ್ಲೇ ಇದ್ದ. ಹೊಸೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ರಾತ್ರಿಯೇ ತಂದಿದ್ದರೆ ಉಳಿಯುತ್ತಿದ್ದ ಎಂದರಂತೆ ಡಾಕ್ಟರು.

"ನೀನು ಕೂಗ್ಲಿಲ್ವಾ ಚಿಕ್ಕಪ್ಪ?"

"ಕೂಗ್ದೆ ಕಣವ್ವ. ಹತ್ತು ಗಂಟೆ ಕಂಪನಿ ಬಸ್ ಹೋಯ್ತಲ್ಲ, ಅದ್ರ ಹಿಂದೇನೇ ಕೂಗ್ದೆ. ಓಗೊಟ್ರಲ್ಲ! ಹೆಣ್ ದನಿ. ರತ್ನಿ ಬಂದವ್ಳೆ, ಇಬ್ರೂ ಅವ್ರೆ ಅಂದ್ಕಂಡು ಸುಮ್ಕಾಗ್ಬುಟ್ಟೆ."

"ರತ್ನಿ ಬಂದಿದ್ಳಾ?"

"ಎಲ್ ಬಂದಿದ್ಳು? ಮನೇಲಿ ಮಲಗಿದ್ಳಂತೆ."

ಜರ್ಮನಿಯಲ್ಲಿ ಸಂಜೆ ಆರೂ ನಲವತ್ತೆಂದರೆ ನಮ್ಮೂರಲ್ಲಿ ರಾತ್ರಿ ಹತ್ತೂ ಹತ್ತು.

ಇದನ್ನು ಚಿಕ್ಕಪ್ಪನಿಗೆ ನಾನು ಇವತ್ತಿಗೂ ಹೇಳಿಲ್ಲ. ಈಗ ಯಾರು ಓಗೊಟ್ಟರೂ ಅವನು ನಂಬುವುದಿಲ್ಲ. ಪ್ರತಿ ಸಲವೂ ಅಟ್ಟಣೆ ಇಳಿದು, ಬೇಲಿ ದಾಟಿ, ಹೊಸ ಕಾವಲುಗಾರನ ಮುಖ ನೋಡಿಯೇ ಬರುತ್ತಾನೆ. ಊರಿಗೆ ಹೋದಾಗ ರತ್ನಿ ನನ್ನನ್ನು ತಬ್ಬಿಕೊಂಡು, "ಯಾವಳ್ ಓ ಅಂದ್ಳೋ ಕಣೆ, ಅವಳ ನಾಲ್ಗೆ ಬಿದ್ದೋಗ" ಎಂದು ಅತ್ತಳು. ನಾನು ಅವಳ ಬೆನ್ನು ಸವರುತ್ತ ನಿಂತಿದ್ದೆ.

ಸುತ್ತಲಿನ ತೋಪುಗಳಲ್ಲೆಲ್ಲ ವಿಚಾರಿಸಿದ್ದೇನೆ. ಓಗೊಟ್ಟೆ ಎಂದು ಒಬ್ಬರೂ ಹೇಳಲಿಲ್ಲ. ಆ ರಾತ್ರಿ ಉದ್ದನಪಲ್ಲಿಯ ಕಡೆ ತೋಪಿನಲ್ಲಿದ್ದು, ಮಾದಣ್ಣನ ಹೆಸರಿಗೆ ಓ ಅಂದ ಹೆಣ್ಣುಮಗಳು ಇದನ್ನು ಓದುತ್ತಿದ್ದರೆ, ಅಥವಾ ಅವಳು ಯಾರೆಂದು ನಿಮಗೆ ಗೊತ್ತಿದ್ದರೆ, ದಯವಿಟ್ಟು ನನಗೆ ಬರೆಯಿರಿ. ಬೈಯುವುದಿಲ್ಲ, ಯಾರಿಗೂ ಹೇಳುವುದಿಲ್ಲ. ಅದು ನಾನಲ್ಲ ಎಂದು ಗೊತ್ತಾದರೆ ಸಾಕು.