ಮಾವನವರ ಪೆಡಲ್ ಗಿಟಾರ್

ಮಾವನವರು ಮನ್ಯಾಗ ಕೂತು ತಂತಿ, ಪೆಡಲು ಜೋಡಿಸಿ ಮೇಜಿನಂಥಾದೊಂದು ಮಾಡಿದ್ರು. ಮುಗಿಸಿದ ವಾರದಾಗ ತೀರಿಕೊಂಡ್ರು. ಅತ್ತಿ ಅದನ್ನ ಮಗ್ಗ ಅಂತಿದ್ರು. ವರ್ಷ ಕಳದ ಮ್ಯಾಲ ಒಂದಿನ “ಕೆಲಸಕ್ಕ ಬರದಿದ್ರ ನಾಳೆ ಒಲಿಗೆ ಹಾಕ್ತೀನಿ” ಅಂದ್ರು. ನಾ ಹೆದರಿ, ಅದನ್ನೂ ಅತ್ತಿನ್ನೂ ಟಾಂಗಾ ಹತ್ತಿಸಿ, ಹುಬ್ಬಳ್ಳ್ಯಾಗ ಸಿತಾರ ರಿಪೇರಿ ಮಾಡೋ ಚಾಚಾನ ಅಂಗಡಿಗೆ ಒಯ್ದೆ.

“ಮಗ್ಗ ಅಲ್ಲ ಬೇಟಿ, ಮಲಗಿಸಿ ಬಾರಿಸೋ ಗಿಟಾರ್ ಐತಿ. ರೇಡಿಯೋದಾಗ ಬರತೈತಲ್ಲ, ಅಂಥಾದ್ದು” ಅಂದ್ರು ಚಾಚಾ. ತುಕ್ಕು ಹಿಡಿದ ತಂತಿ ತಗದು ಹೊಸಾವು ಬಿಗಿದ್ರು. ಹಲಗಿ ಕಿರ್ ಅಂತು. ಸೀಳೇ ಹೋತು ಅಂತ ನಾ ಹಲಗಿ ಗಟ್ಟಿ ಹಿಡಕೊಂಡೆ. ಚಾಚಾ ತಂತಿ ಮೀಟಿ ಪೆಡಲ್ ಒತ್ತಿದ್ರು. ಸ್ವರ ಮೆಲ್ಲಗ ಜಾರಿಕೋತ ಮ್ಯಾಲೇರಿತು.

ಅತ್ತಿ ಸೆರಗಿಲೆ ಕಣ್ಣೊರಸಿಕೊಂಡ್ರು.

“ಸೀರಿ ಯಾವಾಗ ನೇಯ್ತೀರಿ ಅಂತ ದಿನಾ ಅವರ ಜೀವಾ ತಿಂದ್ನೆವ್ವಾ. ಬಾಯಿ ಬಿಟ್ಟು ಹೇಳಲಿಕ್ಕೇನಾಗಿತ್ತು ಅವರಿಗೆ? ಬರೇ ನಗತಿದ್ರು!”