ಶಾರ್ಟ್ ಎಂದ ಡಬ್ಬಿ, ಸುಮ್ಮನಿದ್ದ ಕೊಳವೆ

ಭಾನುವಾರ ಸಂಜೆ ಐದೂ ನಲವತ್ತಕ್ಕೆ ನನ್ನ ಗಂಡನ ವೇಪ್ ಮಾತಾಡಿತು. ಪುಟ್ಟ ಪರದೆಯ ಮೇಲೆ ಒಂದೇ ಪದ: ಶಾರ್ಟ್. ಶಾರ್ಟ್ ಸರ್ಕ್ಯೂಟಿನ ಶಾರ್ಟ್.

(ವೇಪ್ ಅಂದರೆ ಸಿಗರೇಟು ಬಿಟ್ಟವರು ಹಿಡಿದುಕೊಳ್ಳುವ ಯಂತ್ರ. ಕೆಳಗೆ ಬ್ಯಾಟರಿಯ ಡಬ್ಬಿ, ಮೇಲೆ ಅಟೊಮೈಜರ್ ಎಂಬ ಲೋಹದ ತಲೆ. ತಲೆಯೊಳಗೆ ಸ್ಪ್ರಿಂಗಿನಂತೆ ಸುತ್ತಿದ ತಂತಿ, ಅದೇ ಕಾಯಿಲ್. ಅದರ ನಡುವೆ ರಸದಲ್ಲಿ ನೆನೆದ ಹತ್ತಿ. ರೆಡಿಮೇಡ್ ತಲೆಯೂ ಸಿಗುತ್ತದೆ. ಆದರೆ ಧಾರವಾಡದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವರು ರೆಡಿಮೇಡ್ ಮುಟ್ಟುತ್ತಾರೆಯೇ?)

ಶ್ರೀನಾಥ ಆಗತಾನೇ ಕಾಯಿಲ್ ಬದಲಿಸಿದ್ದ. ಹತ್ತಿ ತೆಗೆದು ಹೊಸದು ತುರುಕಿದ. ಅದೇ ಪದ. ಸ್ಕ್ರೂ ಬಿಗಿ ಮಾಡಿದ. ಅದೇ ಪದ. ಒರೆಸಿದ, ಊದಿದ, ಅಂಗೈಗೆ ಬಡಿದ. (ನಮ್ಮ ಮನೆಗಳಲ್ಲಿ ಟೀವಿ ರಿಮೋಟಿಗೂ ಇದೇ ಚಿಕಿತ್ಸೆ.)

"ನಾಳೆ ನೋಡಬಾರ್ದಾ?" ಎಂದೆ.

"ಸಿಗರೇಟ್ ಬಿಟ್ಟು ನಾಕು ತಿಂಗಳಾತು. ನಾಳಿತನಕಾ ಕುಂದ್ರಿಸಿದಿ ಅಂದ್ರ ಮೂಲಿ ಡೇರಿಗೆ ಓಡಿಹೋಗಿ ಪ್ಯಾಕ್ ತರ್ತೀನಿ, ನೋಡ್ಕೋ." (ಇಲ್ಲಿ ನ್ಯೂಜಿಲೆಂಡಿನಲ್ಲಿ ಡೇರಿ ಅಂದರೆ ಮೂಲೆಯ ಕಿರಾಣಿ ಅಂಗಡಿ.)

"ಬೆದರಿಕೆನಾ?"

"ಅಲ್ಲ, ವಾರ್ನಿಂಗ್."

ಆಮೇಲೆ ಗೆಳೆಯ ಕೊಟ್ಟಿದ್ದ ಹಳೆಯ ಹಿತ್ತಾಳೆ ಕೊಳವೆಯನ್ನು ತಂದ. ಅದೂ ವೇಪಿನ ಬ್ಯಾಟರಿ ಡಬ್ಬಿಯೇ, ಆದರೆ ಪರದೆಯಿಲ್ಲ, ತಪ್ಪು ಕಂಡರೆ ತಡೆಯುವ ಚಿಪ್ ಇಲ್ಲ. ಗುಂಡಿ ಒತ್ತಿದರೆ ಬ್ಯಾಟರಿಯ ಕರೆಂಟು ನೇರ ತಂತಿಗೆ. ಅಟೊಮೈಜರನ್ನು ಅದರ ತಲೆಗೆ ತಿರುಗಿಸಿದ.

"ಆ ಡಬ್ಬಿ ಭಾಳ ಮಾತಾಡ್ತದ. ಇದು ಸುಮ್ನ ಕೆಲಸ ಮಾಡ್ತದ."

ಫ್ಯೂಸ್ ಪದೇ ಪದೇ ಹೋದರೆ ದಪ್ಪ ತಂತಿ ಸುತ್ತುವ ಮನೆಗಳಲ್ಲಿ ಬೆಳೆದವರು ನಾವು. ಆಮೇಲೆ ಫ್ಯೂಸ್ ಹೋಗುತ್ತಿರಲಿಲ್ಲ. ಹೋಗುತ್ತಿದ್ದುದು ಫ್ರಿಜ್ಜು.

ಗುಂಡಿ ಒತ್ತಿದ. ಕೊಳವೆ ನಿಜಕ್ಕೂ ಸುಮ್ಮನಿತ್ತು. ಸುಮ್ಮನೆ ಕಾಯುತ್ತಿತ್ತು. ಒತ್ತಿದ ಗುಂಡಿ ಮೇಲೇಳಲಿಲ್ಲ.

"ಅಯ್ಯಯ್ಯ!" ಎಂದು ಕೈಬಿಟ್ಟ. ಕಾರ್ಪೆಟ್ ಮೇಲೆ ಬಿದ್ದದ್ದು ಸುಯ್ಯೆಂದಿತು. ಒಂದು ತುದಿಯಿಂದ ಬೆಂಕಿ, ಇನ್ನೊಂದರಿಂದ ಬಿಳಿ ಹೊಗೆ. ಪಕ್ಕದ ಕೋಣೆಯಲ್ಲಿ ಜ್ವರ ಬಂದಿದ್ದ ಮಗಳು ಇರಾ ಮಲಗಿದ್ದಳು. ಅವಳ ಬಾಗಿಲಿಗೂ ನನಗೂ ನಡುವೆ ಆ ಕೊಳವೆ.

ನಾನೇನು ಮಾಡಿದೆ? ನಿಂತೆ. ಸ್ಮೋಕ್ ಅಲಾರಂ ಕೂಗಲಿ, ಆಮೇಲೆ ಓಡೋಣ ಎಂಬಂತೆ ನಿಂತೆ. ಅದು ಕೂಗಲಿಲ್ಲ. ಅದು ಅಡುಗೆಮನೆಯ ಡ್ರಾಯರಿನಲ್ಲಿ ಇಂಗಿನ ಡಬ್ಬಿಯ ಪಕ್ಕದಲ್ಲಿತ್ತು. ಒಗ್ಗರಣೆ ಹಾಕಿದಾಗಲೆಲ್ಲ ಕಿರುಚುತ್ತದೆಂದು ಇಳಿಸಿಟ್ಟಿದ್ದೆವು. (ಆಕ್ಲೆಂಡಿನ ಈ ಮೌಂಟ್ ರಾಸ್ಕಿಲ್‌ನಲ್ಲಿ ನಮ್ಮವರ ಮನೆಗೆ ಹೋದಾಗ ತಲೆಯೆತ್ತಿ ನೋಡಿ. ಕೆಲವು ಅಲಾರಂಗಳು ಹೊಗೆ ತಾಗದಂತೆ ಶವರ್ ಕ್ಯಾಪ್ ತೊಟ್ಟಿರುತ್ತವೆ.)

ಶ್ರೀನಾಥ ಪಾತ್ರೆ ಇಳಿಸುವ ಇಕ್ಕಳದಲ್ಲಿ ಕೊಳವೆಯನ್ನು ಹಿಡಿದು ಹೊರಗೆ ಹುಲ್ಲಿನ ಮೇಲೆ ಎಸೆದ. ಅಲ್ಲಿ ಅದು ಒಮ್ಮೆ ಢಬ್ ಎಂದಿತು. ಬಾಗಿಲು ತೆರೆದು ಇರಾ ಕಣ್ಣುಜ್ಜಿದಳು. "ಅಮ್ಮಾ, ವೈ ಇಸ್ ಇಟ್ ಸೋ ಸ್ಮೆಲ್ಲಿ?"

ಕಾರ್ಪೆಟ್ಟಿನಲ್ಲಿ ಇಡ್ಲಿಯಗಲದ ಕರಿ ಗುಂಡಿ. ಅಷ್ಟೇ.

ಮರುದಿನ ಅವನೇ ಭೂತಗನ್ನಡಿ ಹಿಡಿದು ಕಂಡುಹಿಡಿದ. ಕಾಯಿಲಿನ ತುದಿ ಕತ್ತರಿಸುವಾಗ ಉಳಿದಿದ್ದ ಎಳ್ಳಿನಷ್ಟು ತಂತಿ ಲೋಹದ ಮುಚ್ಚಳಕ್ಕೆ ತಾಗುತ್ತಿತ್ತು. ನೇಲ್ ಕಟರಿನಲ್ಲಿ ಒಮ್ಮೆ ಕಚ್ಚಿದ್ದರೆ ಮುಗಿಯುತ್ತಿತ್ತು. ಡಬ್ಬಿ ಹೇಳಿದ್ದೂ ಅದನ್ನೇ ಅಲ್ಲವೇ? ಎಚ್ಚರಿಸುವವರ ಬಾಯಿ ಮುಚ್ಚಿಸುವುದನ್ನೇ ರಿಪೇರಿ ಎಂದು ನಾವು ಕಲಿತದ್ದು ಯಾವಾಗ?

ಶ್ರೀನಾಥ ಡೇರಿಗೆ ಓಡಲಿಲ್ಲ. ನಿಕೋಟಿನ್ ಗಮ್ ಜಗಿಯುತ್ತಾನೆ, ಮೇಕೆಯಂತೆ. ಅಲಾರಂ ಮತ್ತೆ ಸೂರಿಗೇರಿತು. ನಿದ್ದೆ ಹೋದದ್ದು ನನ್ನದು. ಕಣ್ಣು ಮುಚ್ಚಿದರೆ ಆ ಸುಯ್. ಎದ್ದು ಇರಾಳ ಬಾಗಿಲಲ್ಲಿ ನಿಂತು ಗಾಳಿ ಮೂಸುತ್ತಿದ್ದೆ. ಅಲಾರಂ ಇದೆ, ಸರಿ. ಕೂಗುತ್ತದೆಂದು ಯಾರು ಹೇಳಬೇಕು?

ಮೊನ್ನೆ ಶುಕ್ರವಾರ ಸಾರಿಗೆ ಒಗ್ಗರಣೆ ಇಟ್ಟೆ. ಸಾಸಿವೆ ಸಿಡಿದು ಮೆಣಸಿನಕಾಯಿ ಕಪ್ಪಾಗುವಷ್ಟರಲ್ಲಿ ಅದು ಇಡೀ ಬೀದಿಗೆ ಕೇಳುವಂತೆ ಕಿರುಚಿತು. ಶ್ರೀನಾಥ ಕುರ್ಚಿ ಹತ್ತಿದ.

"ತೆಗೀಲೇನ?"

"ಮುಟ್ಟಿದ್ರೆ ನೋಡು."

"ಕಿವಿ ಹೋಗ್ತಾವಲ್ಲೇ!"

"ಹೋಗ್ಲಿ."

ಕಿಟಕಿ ತೆರೆದು, ಅದು ತಾನಾಗಿ ಸುಮ್ಮನಾಗುವವರೆಗೆ ಮೂವರೂ ಕಿವಿ ಮುಚ್ಚಿ ನಿಂತೆವು. ಆ ಶುಕ್ರವಾರ ನಾನು ಬೆಳಗಿನವರೆಗೂ ನಿದ್ದೆ ಮಾಡಿದೆ.

ಮನೆಯಲ್ಲಿ ಒಬ್ಬರಾದರೂ ಎಚ್ಚರವಿದ್ದರೆ ತಾನೇ ಉಳಿದವರಿಗೆ ನಿದ್ದೆ?