ದೊಡ್ಡಮ್ಮ ಉಡದ ರೇಷ್ಮೆ

ಚಿಂತಾಮಣಿಯಿಂದ ಹೊರಟ ಬಸ್ಸು ಶಿಡ್ಲಘಟ್ಟದ ಅಂಚಿಗೆ ಬಂತೆಂದು ತಿಳಿಯಲು ಕಣ್ಣು ತೆರೆಯಬೇಕಾಗಿಲ್ಲ, ಮೂಗೇ ಸಾಕು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಮನೆಗಳಿಂದ ಬರುವ ಆ ವಾಸನೆಗೆ ಹೊಸಬರು ಕರವಸ್ತ್ರ ಹುಡುಕುತ್ತಾರೆ. ನಮ್ಮ ಕಡೆಯವರು ಇಳಿಯುವ ಜಾಗ ಬಂತೆಂದು ಚೀಲ ಹುಡುಕುತ್ತಾರೆ. ಮೊನ್ನೆ ಭಾನುವಾರ ಪಕ್ಕದಲ್ಲಿ ಕೂತಿದ್ದ ಹೆಂಗಸು, ಮದುವೆಗೆ ಹೊರಟವರಿರಬೇಕು, ಉಟ್ಟಿದ್ದ ರೇಷ್ಮೆ ಸೀರೆಯ ಸೆರಗನ್ನೇ ಮೂಗಿಗೆ ಒತ್ತಿಕೊಂಡು, "ಥೂ, ಏನ್ರೀ ಇದು ನಾತ!" ಎಂದರು. ಆ ಸೆರಗೂ ಈ ನಾತವೂ ಒಂದೇ ತಾಯಿಯ ಮಕ್ಕಳೆಂದು ಹೇಳಿ ಅವರ ಮದುವೆಯೂಟ ಕೆಡಿಸುವುದೇಕೆ? ಆದರೆ ದೊಡ್ಡಮ್ಮ ನೆನಪಾದರು. ನಾನು ಹೊರಟಿದ್ದುದೂ ಅವರ ಮನೆಗೇ.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಶಿಡ್ಲಘಟ್ಟದ ಪಕ್ಕದ ಹಳ್ಳಿಗೆ ಮದುವೆಯಾಗಿ ಬಂದಂದಿನಿಂದ ರೇಷ್ಮೆಹುಳು ಸಾಕಿದವರು. ಹುಳು ಸಾಕುವ ಮನೆ ನೋಡಿಲ್ಲದವರಿಗೆ ಒಂದು ಮಾತು ಹೇಳಬೇಕು. ಹುಳುವಿಗೆ ಹೊಗೆ ಆಗದು, ಘಾಟು ಆಗದು. ಹಾಗಾಗಿ ತಟ್ಟೆಗಳಲ್ಲಿ ಹುಳು ಇರುವಷ್ಟು ದಿನ ಆ ಮನೆಯ ದೇವರಿಗೆ ಊದುಬತ್ತಿಯಿಲ್ಲ, ಕರ್ಪೂರವಿಲ್ಲ. ಹೂವು, ನೀರು, ಒಂದು ನಮಸ್ಕಾರ, ಅಷ್ಟೆ.

"ಹಂಗಂದ್ರೆ ದೇವರಿಗಿಂತ ಹುಳನೇ ದೊಡ್ಡದಾ ದೊಡ್ಡಮ್ಮ?" ಎಂದು ಒಮ್ಮೆ ಕೆಣಕಿದ್ದೆ.

"ಸಣ್ಣದು ಅಂತಾನೇ ಕಣಪ್ಪ ಮೊದಲು ಅದಕ್ಕೆ. ದೇವರು ಕಾಯ್ತಾನೆ, ಅದು ಕಾಯಲ್ಲ" ಎಂದು ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಲೇ ಉತ್ತರ ಕೊಟ್ಟಿದ್ದರು.

ಇಷ್ಟು ರೇಷ್ಮೆ ಬೆಳೆದವರು ಮೈಮೇಲೆ ಒಂದೆಳೆ ರೇಷ್ಮೆ ಹಾಕಿದ್ದನ್ನು ಮಾತ್ರ ನಾನು ಕಂಡಿಲ್ಲ. ಯಾರ ಮದುವೆಯಾದರೂ ಹತ್ತಿಯ ಸೀರೆಯೇ. ಜಿಪುಣತನವೆಂದು ಕೆಲವರು, ಸರಳತೆಯೆಂದು ಕೆಲವರು ಅಂದುಕೊಂಡಿದ್ದರು. ನಾನು ಮೊದಲನೆಯವರ ಪೈಕಿ.

ಕಾರಣ ತಿಳಿದದ್ದು ಆ ಊರಿನ ಗೋಪಾಲಸ್ವಾಮಿ ಗುಡಿಯ ಪುನಃಪ್ರತಿಷ್ಠೆಯ ಸಮಯದಲ್ಲಿ. ದೊಡ್ಡಪ್ಪ ಚಿಕ್ಕವರಿದ್ದಾಗಲೇ ಬಿದ್ದುಹೋಗಿದ್ದ ಗುಡಿ ಅದು. ಅದು ಮತ್ತೆ ಎದ್ದು ನಿಲ್ಲುವುದನ್ನು ನೋಡಬೇಕೆಂಬುದೊಂದೇ ಅವರ ಆಸೆ. ಕಲ್ಲು ಹೊರುವುದರಿಂದ ಸುಣ್ಣ ಬಳಿಯುವವರೆಗೆ ಎಲ್ಲಕ್ಕೂ ಮುಂದೆ ನಿಂತಿದ್ದರು. ಸಂಕಲ್ಪಕ್ಕೆ ಆ ದಂಪತಿಯೇ ಕೂರಲಿ ಎಂದು ಊರು ಒಪ್ಪಿತು. ಹೆಂಡತಿ ಪಕ್ಕದಲ್ಲಿಲ್ಲದೆ ಗೃಹಸ್ಥ ಸಂಕಲ್ಪಕ್ಕೆ ಕೂರುವ ಹಾಗಿಲ್ಲವಲ್ಲ! ಮಡಿಯಲ್ಲಿ ಕೂರಬೇಕೆಂದು ದೊಡ್ಡಪ್ಪ ಸಂಭ್ರಮದಿಂದ ತಮಗೊಂದು ರೇಷ್ಮೆ ಪಂಚೆ, ಹೆಂಡತಿಗೊಂದು ಸೀರೆ ತಂದರು. ದೊಡ್ಡಮ್ಮ ಸೀರೆಯನ್ನು ಮಡಿಕೆ ಬಿಚ್ಚದೆ ಹಿಂದಕ್ಕೆ ಕೊಟ್ಟರು.

"ಕೂರ್ತೀನಿ. ಇದನ್ನ ಉಡಲ್ಲ."

ಸಿಟ್ಟು ಬಂದರೆ ದೊಡ್ಡಪ್ಪನಿಗೆ ಕನ್ನಡ ಸಾಲದು, ತೆಲುಗು ಬೇಕು. "ನೀಕೇಮನ್ನಾ ಪಿಚ್ಚಿ ಪಟ್ಟಿಂದಾ? ಹುಚ್ಚೇನೇ ನಿಂಗೆ? ಊರಿಗೆಲ್ಲ ಗೂಡು ಕೊಡೋಳು, ಸೀರೆ ಉಡೋಕೆ ಏನ್ ಬಂತೇ?"

ಆಗ ದೊಡ್ಡಮ್ಮ ಹೇಳಿದರು. ಮದುವೆಯಾದ ಹೊಸದರಲ್ಲಿ ಗೂಡಿನ ಗಾಡಿಯ ಜೊತೆ ಪೇಟೆಗೆ ಹೋಗಿದ್ದರಂತೆ. ನೂಲು ಹೇಗೆ ಬರುತ್ತದೆ ನೋಡೋಣವೆಂಬ ಆಸೆ. "ದಿನಕ್ಕೆ ನಾಲ್ಕು ಸಲ ಎದ್ದೆದ್ದು ಸೊಪ್ಪು ಹಾಕಿದ್ದೆ. ಅಲ್ಲಿ ಕುದಿಯೋ ನೀರಲ್ಲಿ ಅವು ಗೂಡಿನೊಳಗೇ ಬೇಯೋದು ನೋಡ್ದೆ. ಅವತ್ತೇ ಅಂದ್ಕೊಂಡೆ, ಇದನ್ನ ಮೈಮೇಲೆ ಹಾಕಲ್ಲ ಅಂತ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ದೊಡ್ಡಮ್ಮನನ್ನು ಒಪ್ಪಿಸಲು ದೊಡ್ಡಪ್ಪ ನನ್ನನ್ನು ಒಳಗೆ ಕಳಿಸಿದರು. ಓದಿದವನು, ಕೈವಾರದ ಮಠದಲ್ಲಿ ನಾಲ್ಕು ಪ್ರವಚನ ಕೇಳಿ ಬಂದವನು, ನನ್ನ ಬಾಯಲ್ಲಿ ಆಗ ವೇದಾಂತ ಉಕ್ಕುತ್ತಿತ್ತು. ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. "ಆತ್ಮಕ್ಕೆ ಸಾವಿಲ್ಲ ದೊಡ್ಡಮ್ಮ. ದೇಹ ಅನ್ನೋದು ಬಟ್ಟೆ ಇದ್ದಂಗೆ. ಹಳೇದನ್ನ ಬಿಟ್ಟು ಹೊಸದು ಉಟ್ಕೊಳ್ಳುತ್ತೆ, ಅಷ್ಟೇ."

ಅವರು ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ, "ಹಳೇದಾಗೋವರೆಗೂ ಕಾಯಬೇಕಿತ್ತಲ್ಲಪ್ಪ ಹಂಗಾದ್ರೆ? ಅದಕ್ಕಿನ್ನೂ ರೆಕ್ಕೆ ಬರಬೇಕಿತ್ತು" ಎಂದರು.

ನಾನು ಹೊರಗೆ ಬಂದೆ. "ಏನಂದ್ಲೋ?" ಎಂದರು ದೊಡ್ಡಪ್ಪ. "ಅವರೇ ನಂಗೆ ಪಾಠ ಮಾಡಿದ್ರು" ಎಂದೆ. "ನಿನ್ನ ಕಳಿಸಿದ್ನಲ್ಲ, ನಂಗೆ ಬುದ್ಧಿ ಇಲ್ಲ" ಎಂದು ಟವೆಲ್ ಕೊಡವಿಕೊಂಡು ಗುಡಿಯ ಕಡೆ ನಡೆದರು. ಅರ್ಚಕರಿಂದಲೇ ಗದರಿಸಿದರೆ ದಾರಿಗೆ ಬಂದಾಳೆಂಬ ಲೆಕ್ಕ. ನಾನೂ ಬಾಲದಂತೆ ಹಿಂದೆ ಹೋದೆ.

ಅರ್ಚಕರು ವಯಸ್ಸಾದವರು. ಎಲ್ಲ ಕೇಳಿಸಿಕೊಂಡರು. "ಒದ್ದೆ ಬಟ್ಟೆನೂ ಮಡಿನೇ ಯಜಮಾನ್ರೆ. ಅದನ್ನ ತಡೀಲಾರದೆ ನಾವೆಲ್ಲ ರೇಷ್ಮೆ ಹಿಡ್ಕೊಂಡಿದೀವಿ. ಮಾಘದ ಚಳಿ, ಮೂರು ಗಂಟೆ ಕೂರಬೇಕು. ಆಗುತ್ತಾ ಕೇಳಿ ಅಮ್ಮನೋರ್ನ" ಎಂದರು.

ದೊಡ್ಡಪ್ಪ ಮನೆಗೆ ಬಂದು ಕೇಳಿದರು. ಆಗುತ್ತೆ ಎಂದರು ದೊಡ್ಡಮ್ಮ.

ಪ್ರತಿಷ್ಠೆಯ ದಿನ ಬೆಳಗಿನ ಜಾವ ದೊಡ್ಡಮ್ಮ ಗುಡಿಯ ಬಾವಿಯ ನೀರು ಸುರಿದುಕೊಂಡು, ಹಿಂಡದ ಹತ್ತಿ ಸೀರೆಯಲ್ಲಿ ಮಣೆಯ ಮೇಲೆ ಬಂದು ಕೂತರು. ತುಟಿ ನೀಲಿ. ಪಕ್ಕದ ಮಣೆಯಲ್ಲಿ ದೊಡ್ಡಪ್ಪ, ಹೊಸ ರೇಷ್ಮೆ ಪಂಚೆಯಲ್ಲಿ, ಬೆಚ್ಚಗೆ. ಇಬ್ಬರೂ ಎರಡು ದಿನದಿಂದ ಮಾತಾಡಿರಲಿಲ್ಲ. ಸೀರೆಯಿಂದ ಇಳಿದ ನೀರು ನೆಲದ ಮೇಲೆ ಸಣ್ಣ ಗೆರೆಯಾಗಿ ಹರಿದು ದೊಡ್ಡಪ್ಪನ ಮಣೆ ಮುಟ್ಟಿತು. ಅರ್ಚಕರು "ಸಂಕಲ್ಪಕ್ಕೆ ಕೈ ಚಾಚಿ" ಎಂದರು. ದೊಡ್ಡಪ್ಪ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ಎದ್ದುಬಿಟ್ಟರು.

ಮುನಿಸಿಕೊಂಡು ಹೋದರೆಂದೇ ಎಲ್ಲರೂ ತಿಳಿದೆವು. ವಾಲಗ ನಿಂತಿತು. ದೊಡ್ಡಮ್ಮ ತಲೆ ಎತ್ತಲಿಲ್ಲ. ಹಿಂದುಗಡೆ ಬಾವಿಯಲ್ಲಿ ರಾಟೆ ಕಿರುಗುಟ್ಟಿತು. ಒಂದು ಬಿಂದಿಗೆ ನೀರು ಸುರಿದ ಸದ್ದು, ಆಮೇಲೆ ಇನ್ನೊಂದು. ದೊಡ್ಡಪ್ಪ ಯಾರದೋ ಹತ್ತಿ ಪಂಚೆಯಲ್ಲಿ ತೊಟ್ಟಿಕ್ಕುತ್ತ ಬಂದು ಮಣೆಯ ಮೇಲೆ ಕೂತು, ಹಲ್ಲು ಕಟಕಟ ಎನ್ನುತ್ತಲೇ, "ಶುರು ಮಾಡಿ ಸ್ವಾಮಿ. ಬೇಗ" ಎಂದರು.

"ತಲೆ ಒರೆಸ್ಕೊಳ್ಳಿ, ಶೀತ ಆಗುತ್ತೆ" ಎಂದರು ದೊಡ್ಡಮ್ಮ, ಮುಖ ತಿರುಗಿಸದೆ. ಗುಡಿಗೆ ಗುಡಿಯೇ ನಕ್ಕಿತು.

ಈ ಕತೆಯನ್ನು ನಾನು ಎಷ್ಟು ಕಡೆ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳಿದವರು ದೊಡ್ಡಮ್ಮನನ್ನು ಸಂತಳನ್ನಾಗಿ ಮಾಡಿ ಕೈ ಮುಗಿದದ್ದೂ ಉಂಟು. ಮೊನ್ನೆ ಅವರ ಮನೆ ಸೇರಿದಾಗ ಸೊಸೆ ಹುಳುಮನೆಯಲ್ಲಿದ್ದಳು, ದೊಡ್ಡಪ್ಪ ಜಗಲಿಯಲ್ಲಿ ಗೊರಕೆ ಹೊಡೆಯುತ್ತಿದ್ದರು, ದೊಡ್ಡಮ್ಮ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಒಂದು ಹಿಡಿ ಎಳೆದುಕೊಂಡು, ಜನ ಕೈ ಮುಗಿಯುವುದನ್ನು ಹೆಮ್ಮೆಯಿಂದ ಹೇಳಿದೆ. ಅವರ ಕೈ ನಿಂತಿತು.

"ಜನಕ್ಕೆ ಸುಳ್ಳು ಹೇಳ್ಬೇಡಪ್ಪ. ಉಡೋದು ಬಿಟ್ಟೆ, ಸಾಕೋದು ಬಿಟ್ನಾ? ಅದೇ ಗೂಡು ಮಾರಿ ನಿಮ್ಮಣ್ಣನ್ನ ಓದಿಸಿದ್ವಿ, ಈ ಸೂರು ಮಾಡ್ಕೊಂಡ್ವಿ. ಅವತ್ತು ನಾನು ನಡುಗಿದ್ದು ಬರೀ ಚಳಿಗಲ್ಲ. ಇಷ್ಟೇನಾ ನಿನ್ನ ಕೈಲಾಗಿದ್ದು ಅಂತ ಆ ಗೋಪಾಲಸ್ವಾಮಿ ಕೇಳ್ಬಿಟ್ರೆ ಅಂತ."

"ಕೇಳಿದ್ನಾ?"

"ಕೇಳ್ದಂಗಾಯ್ತು. ಇಷ್ಟೇ ಸ್ವಾಮಿ ಅಂದೆ."

ಮತ್ತೆ ಕಾಯಿ ಸುಲಿಯತೊಡಗಿದರು. ಕೈ ನಿಲ್ಲಿಸದೆ, "ಹೇಳೋದಾದ್ರೆ ಇದನ್ನೂ ಸೇರಿಸಿ ಹೇಳು" ಎಂದರು.

ಇಷ್ಟು ವರ್ಷ ಗುಡಿಯ ಆ ನಗುವಿಗೇ ಕತೆ ನಿಲ್ಲಿಸಿ ನಾನೂ ನಗುತ್ತಿದ್ದೆ. ಪೂರ್ತಿ ಹೇಳುತ್ತಿರುವುದು ನಿಮಗೇ ಮೊದಲು.